ಮಗಳ ತಲೆ ಮೇಲಿನ ಆಣೆ

ಕುಡಿತ ಬಿಟ್ಟವರು ಒಟ್ಟಿಗೆ ಕೂತು ಮಾತಾಡುವ ಸಭೆಯೊಂದಿದೆ ಎಂದು ನನಗೆ ಮೊದಲು ಹೇಳಿದ್ದು ಒಬ್ಬ ನರ್ಸು. ನನ್ನ ಗಂಡನ ರಕ್ತಪರೀಕ್ಷೆಯ ಚೀಟಿ ಕೈಗಿಡುತ್ತಾ, "ಈಗ್ಲೇ ಬಿಡಿಸ್ರಿ, ಇಲ್ದಿದ್ರೆ ಉಳಿಯಲ್ಲ" ಎಂದಿದ್ದಳು. ಸಭೆ ಎಲ್ಲಿ ನಡೆಯುತ್ತದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ನಮ್ಮ ಹೊಸದುರ್ಗದಲ್ಲಿ ಬಾರ್ ಎಲ್ಲಿ ಅಂದರೆ ದಾರಿಯಲ್ಲಿ ಹೋಗುವವರೆಲ್ಲ ಕೈ ತೋರಿಸುತ್ತಾರೆ. ಇದನ್ನು ಯಾರನ್ನು ಕೇಳುವುದು? ಕೇಳಿದರೆ ಮಾರನೆಯ ದಿನ ಸಂತೆಗೆಲ್ಲ ಸುದ್ದಿ. ಮೊಬೈಲಿನಲ್ಲಿ ಹುಡುಕಿದೆ. ಮೊದಲ ನಂಬರಿಗೆ ಕರೆ ಹೋಗಲೇ ಇಲ್ಲ. ಎರಡನೆಯದರಲ್ಲಿ ವಯಸ್ಸಾದ ಗಂಡಸಿನ ದನಿಯೊಂದು, "ಚಿತ್ರದುರ್ಗಕ್ಕೆ ಬರ್ರಿ, ಭಾನುವಾರ ಹತ್ತಕ್ಕೆ" ಎಂದು ಶಾಲೆಯೊಂದರ ಗುರುತು ಹೇಳಿತು. ನನ್ನ ಹೆಸರನ್ನೂ ಕೇಳಲಿಲ್ಲ.

ನನ್ನ ಗಂಡ ಸುಟ್ಟುಹೋದ ಕೊಳವೆಬಾವಿ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ ಮಾಡುತ್ತಿದ್ದರು. ಕೈ ಚುರುಕು, ಬಾಯಿ ಕಡಿಮೆ. ನನ್ನದು ಬಾಯಿಯೇ ಜಾಸ್ತಿ. ಬಸ್ಸು ಹತ್ತುವಾಗ ಪಕ್ಕದ ಮನೆಯಾಕೆ ಸಿಕ್ಕಿ ಎಲ್ಲಿಗೆ ಅಂದಾಗ, ಮೈದುನನಿಗೆ ಹೆಣ್ಣು ನೋಡೋಕೆ ಅಂದುಬಿಟ್ಟೆ. ಎಂಟು ಭಾನುವಾರ ಹೆಣ್ಣು ನೋಡಿದ ಮೇಲೆ ಅವಳು, "ನಿಮ್ ಮೈದುನಂಗೆ ರಂಭೆನೇ ಬೇಕೇನ್ರಿ?" ಎಂದಳು.

ಶಾಲೆಯ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಿಸಿಕೊಂಡು ಕೂತಿದ್ದರು. ಫೋನಿನಲ್ಲಿ ಮಾತಾಡಿದ್ದ ಹಿರಿಯರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು, "ಬರ್ರಿ, ಕುಂತ್ಕಳ್ರಿ" ಎಂದರು. ಒಬ್ಬೊಬ್ಬರೇ ಎದ್ದು "ನಾನೊಬ್ಬ ಕುಡುಕ" ಎನ್ನುತ್ತಿದ್ದರು. ನಮ್ಮ ಬೀದಿಯಲ್ಲಿ ಅದು ಬೈಗುಳ. ಅಲ್ಲಿ ಊರು ಯಾವುದೆಂದು ಹೇಳಿದಷ್ಟೇ ಸಹಜವಾಗಿ ಹೇಳುತ್ತಿದ್ದರು. ಮೂರನೆಯ ವಾರ ನನ್ನ ಗಂಡನೂ ಎದ್ದು ನಿಂತು ಹೇಳಿದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಆದರೆ ಆ ಹಿರಿಯರ ಒಂದು ಮಾತು ನನಗೆ ಹಿಡಿಸಲಿಲ್ಲ. "ಇವತ್ತೊಂದಿನ ಕುಡಿಯಲ್ಲ ಅನ್ನು ಸಾಕು. ನಾಳಿಂದು ನಾಳೆ ನೋಡಾಣ. ಇಲ್ಲಿ ಆಣೆಗೀಣೆ ಏನಿಲ್ಲ." ಒಂದು ದಿನದ ಮಾತು ಯಾವ ಮಾತು? ನಮ್ಮ ಕಡೆ ಯಾರೇ ಕುಡಿತ ಬಿಡಲಿ, ದೇವರ ಮುಂದೆ ಆಣೆ ಆಗಬೇಕು, ಇಲ್ಲವೇ ಮಕ್ಕಳ ತಲೆ ಮುಟ್ಟಬೇಕು. ಅವತ್ತು ಮನೆಗೆ ಬಂದವಳೇ, ಊಟಕ್ಕೆ ಕೂತಿದ್ದ ಏಳು ವರ್ಷದ ಮಗಳನ್ನು ಎಬ್ಬಿಸಿ ಗಂಡನ ಮುಂದೆ ನಿಲ್ಲಿಸಿದೆ.

"ಬ್ಯಾಡ ಕಣೇ. ನನ್ ತಲೆ ಮೇಲೆ ಮಾಡ್ತೀನಿ" ಎಂದರು.

"ನಿಮ್ ತಲೆಗೆ ಏನ್ ಬೆಲೆ ಐತೆ?" ಎಂದೆ.

ಅವರು ಮಗಳ ನೆತ್ತಿಯ ಮೇಲೆ ಕೈಯಿಟ್ಟು, ಜನ್ಮದಲ್ಲಿ ಮುಟ್ಟಲ್ಲ ಎಂದರು. ನಾನು ಗೆದ್ದೆ ಅಂದುಕೊಂಡೆ. ಎಷ್ಟು ದಡ್ಡಿ ನಾನು!

ಐದು ವಾರ ಚೆನ್ನಾಗಿದ್ದರು. ಯಲ್ಲದಕೆರೆಯಲ್ಲಿ ಅವರ ಸೋದರಮಾವ ತೀರಿಕೊಂಡರು. ಗುಂಡಿ ತೋಡಿದ ಗಂಡಸರಿಗೆಲ್ಲ ಅಲ್ಲಿ ಕುಡಿಯಲು ಕೊಟ್ಟರಂತೆ, ಇವರೂ ಕುಡಿದರು. ಅದಾದ ಮೂರನೆಯ ದಿನಕ್ಕೆ ಮಗಳಿಗೆ ಜ್ವರ ಏರಿ ಆಸ್ಪತ್ರೆ ಸೇರಿಸಬೇಕಾಯಿತು. ಊರಲ್ಲಿ ಆಗ ಮನೆಗೊಂದು ಮಗು ಜ್ವರದಲ್ಲಿ ಮಲಗಿತ್ತು. ಅದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಫೋನ್ ಮಾಡಿ, "ಮಗೀನ್ ತಲೆ ಮುಟ್ಟಿ ಆಣೆ ಮಾಡಿ ಹೊಯ್ಕಂಡ್ರಲ್ಲ, ಈಗ ಬಂದ್ ನೋಡ್ರಿ ಏನಾಗೈತೆ" ಎಂದೆ. ಅವರು ಅವತ್ತು ಸಂಜೆ ಆಸ್ಪತ್ರೆಯ ಗೇಟಿನ ತನಕ ಬಂದು, ವಾಚ್‌ಮನ್ ಕೈಯಲ್ಲಿ ಎರಡು ಎಳನೀರು ಕಳಿಸಿ ಹೋದರು. ವಾರ್ಡಿನೊಳಗೆ ಕಾಲಿಡಲಿಲ್ಲ. ಕುಡಿದಿರಬೇಕು, ಅದಕ್ಕೇ ಬಂದಿಲ್ಲ ಎಂದು ಇನ್ನಷ್ಟು ಶಪಿಸಿದೆ.

ಮಗಳು ಐದು ದಿನಕ್ಕೆ ಎದ್ದು ಓಡಾಡಿದಳು. ಅವರು ಮಾತ್ರ ಮನೆಗೆ ಬರಲಿಲ್ಲ. ಹಿರಿಯೂರಿನ ಒಂದು ಮೋಟಾರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮಲಗುತ್ತಿದ್ದರಂತೆ. ಮಗಳನ್ನು ಕರೆದುಕೊಂಡು ಬರಲೇ ಎಂದು ಕೇಳಿದಾಗ, "ಅವಳನ್ನ ಕರ್ಕಂಬರ್ಬ್ಯಾಡ" ಎಂದು ಫೋನ್ ಇಟ್ಟರು. ಕುಡಿಯುತ್ತಲೇ ಇದ್ದರು. ನರ್ಸು ಹೇಳಿದ್ದು ನಾಲ್ಕು ತಿಂಗಳಲ್ಲಿ ನಿಜವಾಯಿತು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಭಾನುವಾರ, ವಿಷಯ ತಿಳಿಸಬೇಕಲ್ಲ ಎಂದು ಒಬ್ಬಳೇ ಚಿತ್ರದುರ್ಗಕ್ಕೆ ಹೋದೆ. ಸಭೆ ಮುಗಿದು ಎಲ್ಲರೂ ಹೋಗುವವರೆಗೆ ಹಿರಿಯರು ನನ್ನನ್ನು ಕೂರಿಸಿಕೊಂಡರು.

"ಮಗೀಗೆ ಹುಷಾರಿಲ್ಲದಾಗ ಒಂದಿನ ಇಲ್ಲಿಗೆ ಬಂದಿದ್ದ ಕಣಮ್ಮ" ಎಂದರು. "ಒಳಗೆ ಬರ್ಲಿಲ್ಲ, ಬಾಗ್ಲಾಗೇ ನಿಂತ. ಕುಡಿದಿರ್ಲಿಲ್ಲ. ಮಗಳ ತಲೆ ಮುಟ್ಟಿ ಮಾಡಿದ್ ಆಣೆ ಮುರ್ದಿದ್ದೀನಿ, ನಾನು ಹತ್ರ ಹೋದ್ರೆ ಅವಳು ಉಳಿಯಲ್ಲ, ಏನ್ ಮಾಡ್ಲಿ ಅಂದ. ಆಣೆ ಹಾಕ್ಸಿದೋರೇ ವಾಪಸ್ ತಗಂಡ್ರೆ ಮುಗೀತು, ಹೋಗಿ ನಿನ್ ಹೆಂಡ್ತಿನ ಕೇಳು ಅಂದೆ."

"ಅದಕ್ಕೇನಂದ್ರು?"

ಹೇಳಲೋ ಬೇಡವೋ ಎಂಬಂತೆ ಅವರು ಎದ್ದು ಒಂದು ಬೆಂಚನ್ನು ಗೋಡೆಗೆ ಸರಿಸಿ ಬಂದರು.

"ಅವಳು ತಗಳಲ್ಲ ಅಂದ."

ತಗೊಳ್ಳುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಆ ವಾರ ಬಂದು ಕೇಳಿದ್ದರೆ ನಾನು ತಗೊಳ್ಳುತ್ತಿರಲಿಲ್ಲ. ಹನ್ನೊಂದು ವರ್ಷ ಜೊತೆಗೆ ಬಾಳಿದವರು, ಅವರಿಗೆ ಅಷ್ಟೂ ಗೊತ್ತಿರುವುದಿಲ್ಲವೇ?