ಅಕ್ಕನ ಮಗಳ ಬಸ್ಟಿಯರ್

ಅಕ್ಕನ ಮಗಳ ರಿಸೆಪ್ಷನ್ನಿಗೆ ಇನ್ನು ಐದೇ ದಿನ ಇದ್ದಾಗ ಸಿರುಗುಪ್ಪದಿಂದ ಅಕ್ಕನ ಫೋನ್ ಬಂತು. ನಾನು ಕುರುಗೋಡಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಯಾರದೋ ಬ್ಲೌಸಿಗೆ ಹುಕ್ ಹಚ್ಚುತ್ತಿದ್ದೆ.

"ನೀ ಇವತ್ತ ಬಾ. ಈ ಹುಡುಗಿ ಒಳಗ ಹಾಕ್ಕೊಳ್ಳೋದನ್ನ ಹೊರಗ ಹಾಕ್ಕೊಂಡು ಸ್ಟೇಜಿನ ಮ್ಯಾಲ ನಿಂದರ್ತಾಳಂತ. ನಾ ಹೇಳಿದ್ರ ಕೇಳವಲ್ಲಳು" ಎಂದವಳೇ ಇಟ್ಟುಬಿಟ್ಟಳು.

ಭಾವ ತೀರಿಕೊಂಡ ಮೇಲೆ ಅಂಗನವಾಡಿಯ ಕೆಲಸದಲ್ಲೇ ಮಗಳನ್ನು ಓದಿಸಿದವಳು ಅಕ್ಕ. ಗಂಡಿಲ್ಲದ ಮನೆಯ ಮೇಲೆ ಊರಿನ ಕಣ್ಣು ಹೆಚ್ಚು ಎಂದು ಹೆದರಿಯೇ ಅಷ್ಟು ವರ್ಷ ಕಳೆದಿದ್ದಳು. ಮಗಳು ಈಗ ಸಿರುಗುಪ್ಪದಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುತ್ತಿದ್ದಳು. ನಾನು ಹೋದಾಗ ತಾಯಿ ಅಡುಗೆಮನೆಯಲ್ಲಿ, ಮಗಳು ಒಳಕೋಣೆಯಲ್ಲಿ. ಎರಡು ದಿನದಿಂದ ಇಬ್ಬರಿಗೂ ಮಾತಿಲ್ಲ.

ಹುಡುಗಿ ಆನ್‌ಲೈನಿನಲ್ಲಿ ತರಿಸಿದ್ದ ಪಾರ್ಸಲ್ ಬಿಚ್ಚಿ ನನ್ನ ಕೈಗಿಟ್ಟಳು. ಕುಂಕುಮಬಣ್ಣದ ಬಸ್ಟಿಯರ್. ಎದೆಯಿಂದ ಸೊಂಟದವರೆಗೆ ಮೈಗಂಟುವಂತೆ ಹೊಲಿದದ್ದು, ಭುಜಪಟ್ಟಿ ಇಲ್ಲ, ಜಾರದೆ ನಿಲ್ಲಲು ಸುತ್ತಲೂ ಒಳಗೆ ಕಡ್ಡಿಗಳು. ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಎಂಟು ವರ್ಷ ಹೊಲಿದವಳು ನಾನು. ಬಟ್ಟೆ ಕೈಗೆ ಬಂದರೆ ಮೊದಲು ತಿರುವಿ ಒಳಗಿನ ಹೊಲಿಗೆ ನೋಡುವುದೇ ರೂಢಿ. ಕಿಟಕಿಗೆ ಹಿಡಿದೆ. ಬಟ್ಟೆಯ ಹಿಂದಿನ ನನ್ನ ಐದೂ ಬೆರಳು ಕಂಡವು. ಲೈನಿಂಗ್ ಇಲ್ಲ, ಎದೆಯ ಕಪ್‌ಗಳಿಗೆ ಒಂದೇ ಪದರ, ಕಡ್ಡಿಗಳು ಬಳುಕುವಷ್ಟು ತೆಳು.

"ಇದು ಗೌನಿನ ಒಳಗ ಮೈ ಹಿಡಿದಿಡಾಕ ಮಾಡಿದ್ದವ್ವ" ಎಂದೆ. "ಸ್ಟೇಜಿನ ಲೈಟಿಗೆ ಎಲ್ಲಾ ಕಾಣತೈತಿ."

ಅವಳ ಮುಖ ಇಳಿದುಹೋಯಿತು. "ನೀನೂ ಅಮ್ಮನ ಕಡೀನ?"

"ಬಸ್ಟಿಯರ್ ಬ್ಯಾಡ ಅಂದೆನೇನು? ಇದು ಬ್ಯಾಡ ಅಂದೆ. ಹೊರಗ ಹಾಕ್ಕೊಳ್ಳೋದು ಬ್ಯಾರೆ ಬರತೈತಿ."

ಬಾಗಿಲಲ್ಲಿ ಅಕ್ಕ ನಿಂತಿದ್ದು ನನಗೆ ಗೊತ್ತಾಗಿರಲಿಲ್ಲ. "ಬ್ಯಾರೆ ಅಂದ್ರ? ಅದಕ್ಕ ತೋಳು ಇರ್ತಾವನು?" ಎಂದಳು.

ಮರುದಿನ ಮೂವರೂ ಬಳ್ಳಾರಿಗೆ ಹೊರಟೆವು. ಬರುವುದಿಲ್ಲ ಎಂದ ಅಕ್ಕ ಬಸ್ ಹೊರಡುವ ಹೊತ್ತಿಗೆ ಬಂದು ಹತ್ತಿದಳು, ಮಗಳ ಪಕ್ಕದ ಸೀಟು ಖಾಲಿ ಇದ್ದರೂ ಮುಂದೆ ಹೋಗಿ ಕೂತಳು. ಅಲ್ಲಿನ ಬೆಂಗಳೂರು ರಸ್ತೆಯ ಮೂರನೇ ಅಂಗಡಿಯಲ್ಲಿ ಬೇಕಾದದ್ದು ಸಿಕ್ಕಿತು. ದಪ್ಪ ಸ್ಯಾಟಿನ್, ಒಳಗೆ ಗಟ್ಟಿ ಲೈನಿಂಗ್, ಜಾರದಂತೆ ಮೇಲಂಚಿಗೆ ರಬ್ಬರ್ ಪಟ್ಟಿ, ಬೆನ್ನಿಗೆ ಜಿಪ್. ಆದರೆ ಅವಳ ಅಳತೆಯದು ಕುಂಕುಮಬಣ್ಣದಲ್ಲಿ ಇರಲಿಲ್ಲ. ಒಂದು ಸೈಜು ಚಿಕ್ಕದಿತ್ತು.

"ಬ್ಯಾಡ, ಕಡ್ಡಿ ಇರೋ ಬಟ್ಟಿ ಹಿಗ್ಗಂಗಿಲ್ಲ" ಎಂದೆ.

"ಒಂದ್ ಸಲ, ಚಿಕ್ಕಮ್ಮ. ಹಾಕಿ ನೋಡ್ತೀನಿ ಅಷ್ಟ."

ಅಲ್ಲಿ ನಾನು ಗಟ್ಟಿಯಾಗಿ ನಿಲ್ಲಬೇಕಿತ್ತು. ಟ್ರಯಲ್ ರೂಮಿನಲ್ಲಿ ಅವಳು ಉಸಿರು ಹಿಡಿದಳು, ಎರಡೂ ಅಂಚು ಕೂಡಿಸಿ ಜಿಪ್ ಎಳೆದವಳು ನಾನೇ. ಕನ್ನಡಿಯಲ್ಲಿ ನೋಡಿಕೊಂಡು ಅವಳು ನಕ್ಕಳು. ಕೂತು ನೋಡು ಎಂದೆ. ಸ್ಟೂಲಿನ ಮೇಲೆ ಕೂತಳು. ನಗು ಅಲ್ಲೇ ನಿಂತಿತು.

"ಬಿಚ್ಚು" ಎಂದಳು.

ಜಿಪ್ ಎರಡಂಗುಲ ಇಳಿದು ಲೈನಿಂಗ್ ಕಚ್ಚಿಕೊಂಡಿತು. ಮೇಲೆ ಎಳೆದೆ, ಬರಲಿಲ್ಲ. ಕೆಳಗೆ ಎಳೆದೆ, ಇನ್ನಷ್ಟು ಕಚ್ಚಿತು. ಅವಳು ಎದ್ದು ಗೋಡೆಗೆ ಕೈಕೊಟ್ಟಳು. "ಚಿಕ್ಕಮ್ಮ, ಉಸಿರು ಆಡವಲ್ದು." ಬೆನ್ನು ಬೆವೆತು ನನ್ನ ಬೆರಳು ಜಾರತೊಡಗಿದವು. ಕೋಣೆಯಲ್ಲಿ ಫ್ಯಾನಿಲ್ಲ. ಅವಳು ಗಾಳಿಗಾಗಿ ಬಾಯಿ ತೆರೆದಳು. ತುಟಿ ಬೆಳ್ಳಗಾಗಿದ್ದವು.

ಹೊರಗಿನಿಂದ ಅಕ್ಕ ಬಾಗಿಲು ಬಡಿದಳು. "ಏನಾತು? ತೆಗೀರಿ!" ತೆಗೆದೆ. ಒಂದು ಸಲ ನೋಡಿದವಳೇ ಒಳಗೆ ಬಂದು ಚಿಲಕ ಹಾಕಿದಳು.

"ಕತ್ತರ್ಸು."

"ಅಂಗಡೀದು ಅಕ್ಕ…"

"ಕತ್ತರ್ಸು ಅಂದೆ!"

ಪರ್ಸಿನಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಸದಾ ಇರುತ್ತದೆ. ಬಟ್ಟೆಗೂ ಅವಳ ಚರ್ಮಕ್ಕೂ ನಡುವೆ ಎರಡು ಬೆರಳು ತೂರಿಸಿದೆ. ಜಾಗವೇ ಇರಲಿಲ್ಲ, ಕಡ್ಡಿಯ ತುದಿ ನನ್ನ ಉಗುರಿಗೇ ಒತ್ತಿತು. ಅಕ್ಕ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ನೋಡು, ಅಲುಗಾಡಬ್ಯಾಡ, ಸಣ್ಣ ಉಸಿರು ತಗೋ" ಎನ್ನುತ್ತಿದ್ದಳು. ಜಿಪ್ಪಿನ ಪಕ್ಕದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸುತ್ತ ಇಳಿದೆ. ಕೈ ತಪ್ಪಿದರೆ ಬೆನ್ನು ಕೊಯ್ಯುತ್ತಿತ್ತು. ಅರ್ಧಕ್ಕೆ ಬಂದಾಗ ಉಳಿದದ್ದು ತಾನೇ ಬಿರಿದು ತೆರೆದುಕೊಂಡಿತು. ಹುಡುಗಿ ತಾಯಿಯ ಹೆಗಲಿಗೆ ಕುಸಿದಳು.

ಅವಳ ಬೆನ್ನಿನುದ್ದ ಕೆಂಪು ಬರೆಗಳು. ಅಕ್ಕ ಅವುಗಳ ಮೇಲೆ ಅಂಗೈ ಆಡಿಸಿದಳು. "ಬಟ್ಟಿ ಸಲುವಾಗಿ ಜೀವ ಕೊಡ್ತಿಯೇನ?"

ಉಸಿರು ತಿರುಗಿದ ಮೇಲೆ ಹುಡುಗಿ ಹೇಳಿದಳು: "ಜನ ನೋಡ್ತಾರ ಅಂತ ಸಾಲಿಗೆ ಹೋಗಾಕೂ ಶಾಲು ಹೊದ್ದೀನಮ್ಮ. ಬ್ಯಾಸಿಗೀಲೂ. ಒಂದ್ ದಿನ, ನಾ ಕೇಳಿದ್ದು ಒಂದ್ ದಿನ."

ಅಂಗಡಿಯವರಿಗೆ ಆದದ್ದನ್ನು ಹೇಳಿ, ಬಿಚ್ಚಿದ ಬಸ್ಟಿಯರನ್ನು ನಾವೇ ಕೊಂಡೆವು. ಹೊರಗೆ ಬಂದ ಮೇಲೆ ಅಕ್ಕ ನನ್ನನ್ನು ಕೇಳಿದಳು, "ಇದನ್ನ ಸರಿ ಮಾಡಾಕ ಬರತೈತೇನ?"

ಕುರುಗೋಡಿಗೆ ಒಯ್ದು ಜಿಪ್ ತೆಗೆದುಹಾಕಿದೆ. ಎರಡೂ ಪಕ್ಕೆಗೆ ಅದೇ ಬಣ್ಣದ ಸ್ಯಾಟಿನ್ ಪಟ್ಟಿ ಕೂಡಿಸಿದೆ, ಬೆನ್ನಿಗೆ ಜೀನ್ಸಿಗೆ ಹಾಕುವಂಥ ಲೋಹದ ಉಂಗುರದ ತೂತುಗಳನ್ನು ಸಾಲಾಗಿ ಕೂರಿಸಿ ಲಾಡಿ ಪೋಣಿಸಿದೆ. ಲಾಡಿಯಾದರೆ ಬೇಕಾದಾಗ ಸಡಿಲಿಸಬಹುದು. ಎರಡು ದಿನದ ಮೇಲೆ ಸಿರುಗುಪ್ಪದಲ್ಲಿ ತೊಡಿಸಿ ನೋಡಿದೆ. ಕೂರಿಸಿದೆ, ಬಗ್ಗಿಸಿದೆ, ಕೈ ಎತ್ತಿಸಿದೆ. ಬಾಗಿಲಲ್ಲೇ ನಿಂತಿದ್ದ ಅಕ್ಕ, "ಎದಿ ಮ್ಯಾಲ ಎರಡು ಬೆರಳು ಏರಿಸು" ಎಂದಳು.

"ಒಂದು" ಎಂದಳು ಮಗಳು.

ಒಂದು ಬೆರಳಿನಷ್ಟು ಜರಿ ಅಂಚು ಕೂಡಿಸಿದೆ.

ರಿಸೆಪ್ಷನ್ನಿನ ಸಂಜೆ ಅವಳು ಅದರ ಮೇಲೆ ಸೀರೆ ಉಟ್ಟು, ಸೆರಗನ್ನು ಒಂದೇ ಭುಜಕ್ಕೆ ಪಿನ್ ಮಾಡಿ ನಿಂತಳು. ಅಕ್ಕನೂ ನಾನೂ ಮುಂದಿನ ಸಾಲಿನಲ್ಲಿದ್ದೆವು. ಹಿಂದಿನಿಂದ ಯಾರೋ ಪಿಸುಗುಟ್ಟಿದರು, ಅಕ್ಕ ತಿರುಗಲಿಲ್ಲ. ಗಂಡಿನ ಅಜ್ಜಿ ಸ್ಟೇಜ್ ಹತ್ತಿದರು. ಕಾಲಿಗೆ ಬೀಳಲು ಹುಡುಗಿ ಪೂರ್ತಿ ಬಗ್ಗಿದಳು. ಅಕ್ಕ ನನ್ನ ಮಣಿಕಟ್ಟನ್ನು ಬಿಗಿಹಿಡಿದಳು. ನನ್ನ ಕಣ್ಣು ಮೇಲಂಚಿನ ಮೇಲೇ ಇತ್ತು. ಅದು ಕದಲಲಿಲ್ಲ. ಹುಡುಗಿ ನೆಟ್ಟಗೆ ಎದ್ದು ನಿಂತಳು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನ ಮಡಿಕೆಯೊಂದನ್ನು ಸರಿಮಾಡಿ, ಗಲ್ಲ ಸವರಿದರು.

ಅಕ್ಕ ಕೈ ಬಿಟ್ಟಾಗ ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳುಗಳ ಗುರುತು ಸಾಲಾಗಿ ಮೂಡಿತ್ತು. "ಚಂದ ಕಾಣ್ತಾಳಲ್ಲ?" ಎಂದಳು, ನನ್ನ ಕಡೆ ನೋಡದೆ.