ಬೋಡಿಲ್‌ಗೆ ಕೇಳಿಸುವ ಎಂಜಿನ್

ವಿಗ್ಗೊ ತನ್ನ ಜೀವಮಾನವೆಲ್ಲ ಊರಿನ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೂ ಅವನ ಬಲಗಾಲು ಮಾತ್ರ ನಿವೃತ್ತವಾಗಲಿಲ್ಲ. ಊಟದ ಮೇಜಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಾನೆ ಎಂದು ಹೆಂಡತಿ ಬೋಡಿಲ್ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಭಾನುವಾರ ಅವನು ಬೇರೆಯೇ ಮನುಷ್ಯ. ಅವನ ಊರಿರುವ ಜಟ್ಲೆಂಡಿನ ಬಯಲಿನಲ್ಲಿ, ಸ್ವೆಂಡ್ ಎಂಬ ರೈತನ ಬಾರ್ಲಿ ಹೊಲದ ಅಂಚಿಗೆ, ವಿಮಾನ ಹಾರಿಸುವ ಕ್ಲಬ್ಬಿನವರು ನುಣ್ಣಗೆ ಕತ್ತರಿಸಿಟ್ಟ ಹುಲ್ಲಿನ ಪಟ್ಟಿಯೊಂದಿತ್ತು. ಅಲ್ಲಿ ರೇಡಿಯೊ ರಿಮೋಟಿನ ಪೆಟ್ಟಿಗೆಯನ್ನು ಕೊರಳಿಗೆ ನೇತುಹಾಕಿಕೊಂಡು ನಿಂತು, ತನ್ನ ಹಳದಿ ಮಾದರಿ ವಿಮಾನವನ್ನು ಆಕಾಶದಲ್ಲಿ ಪಲ್ಟಿ ಹೊಡೆಸುತ್ತಿದ್ದ. ಮಾದರಿ ಎಂದರೂ ಅದರ ರೆಕ್ಕೆ ಮನುಷ್ಯನ ಎತ್ತರಕ್ಕಿಂತ ಉದ್ದ.

ಇಂಥ ಹಾರಾಟದ ಸ್ಪರ್ಧೆಯಲ್ಲಿ ಹಾರಿಸುವವನು ವಿಮಾನದಿಂದ ಕಣ್ಣು ಕೀಳುವಂತಿಲ್ಲ. ಆದ್ದರಿಂದ ಅವನ ಹೆಗಲ ಹಿಂದೆ ಒಬ್ಬರು ನಿಂತು, ಮುಂದಿನ ವರಸೆ ಯಾವುದು, ಯಾವಾಗ ಶುರು ಮಾಡಬೇಕು ಎಂದು ಹೇಳುತ್ತ ಹೋಗುತ್ತಾರೆ. ವಿಗ್ಗೊನಿಗೆ ಹಾಗೆ ಹೇಳುವವಳು ಮೊದಲಿನಿಂದಲೂ ಬೋಡಿಲ್. ‘ಅರ್ಧ ಸುತ್ತು. ಈಗ’ ಎಂದು ಅವಳು ಮೆಲ್ಲಗೆ ಹೇಳಿದರೆ ಅವನ ಬೆರಳು ತಾನಾಗಿಯೇ ತಿರುಗುತ್ತಿತ್ತು. ಅವಳ ಕಣ್ಣು ಮಂಜಾಗತೊಡಗಿದಾಗ ವರಸೆಗಳ ಚೀಟಿ ಓದಲಾಗದೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು. ಚೀಟಿ ಕಾಣದಿದ್ದರೇನು, ಆಕಾಶದಲ್ಲಿ ಅಷ್ಟು ದೊಡ್ಡ ಹಳದಿ ವಿಮಾನ ಕಂಡೇ ಕಾಣುತ್ತದೆ ಎಂದು ವಿಗ್ಗೊ ನಂಬಿದ್ದ.

ಆ ವಸಂತದಲ್ಲಿ ಹಳೆಯ ಎಂಜಿನ್ನಿನ ಪಿಸ್ಟನ್ ಸಿಕ್ಕಿಕೊಂಡು ಅದು ಕೆಟ್ಟುಹೋಯಿತು. ಅದೇ ಜಾತಿಯ ಇನ್ನೊಂದನ್ನು ತರುವ ಹಾಗಿರಲಿಲ್ಲ. ಸ್ವೆಂಡನ ಹಂದಿಗಳು ಬೆದರುತ್ತವೆಂದು ಕ್ಲಬ್ಬು ಸದ್ದಿನ ಮಿತಿಯನ್ನು ಬಿಗಿ ಮಾಡಿತ್ತು. ಹೊಸದು ಸಿಗುವ ತನಕ ಹಾರಿಸಿಕೊ ಎಂದು ಗೆಳೆಯ ಪ್ರೆಬೆನ್ ತನ್ನ ಬ್ಯಾಟರಿ ವಿಮಾನ ಕೊಟ್ಟ. ಪ್ರೆಬೆನ್ ಮೊದಲು ಮನೆಮನೆಗೆ ಅಂಚೆ ಹಂಚುತ್ತಿದ್ದವನು, ಈಗ ಸಲಹೆ ಹಂಚುತ್ತಿದ್ದ.

ಬ್ಯಾಟರಿ ವಿಮಾನ ಗಾಳಿಯಲ್ಲಿ ಬರಿದೆ ಸುಯ್ಯೆಂದಿತು. ಬೋಡಿಲ್ ‘ಈಗ’ ಎನ್ನುವುದು ತಡವಾಯಿತು. ಮುಂದಿನ ವರಸೆಗೂ ತಡವಾಯಿತು. ವಿಮಾನ ಬಾರ್ಲಿಯ ತೆನೆ ಸವರಿಕೊಂಡು ಹೇಗೋ ಮೇಲೆದ್ದಿತು. ವಯಸ್ಸಾಯ್ತಲ್ಲ ಎಂದು ಅವಳು ನಕ್ಕಳು. ಮರುವಾರ ಗಂಟಲು ಕೆರೆಯುತ್ತಿದೆ ಎಂದು ಮನೆಯಲ್ಲೇ ಉಳಿದಳು. ಅದರ ಮುಂದಿನ ವಾರ ದಾಲ್ಚಿನ್ನಿ ಬನ್ನಿಗೆ ಹಿಟ್ಟು ನಾದಿಯಾಗಿತ್ತು. ವಿಗ್ಗೊ ಒಬ್ಬನೇ ಹೋಗಿ ಹಾರಿಸಿ ಬಂದ. ಹೆಗಲ ಹಿಂದಿನ ಜಾಗದಲ್ಲಿ ಬಾಗಿಲು ತೆರೆದಿಟ್ಟಂತೆ ತಣ್ಣನೆಯ ಗಾಳಿ ಬೀಸುತ್ತಿತ್ತು. ಅವಳಿಗೆ ಇದೆಲ್ಲ ಸಾಕಾಗಿರಬೇಕು, ತನಗೆ ಬೇಸರವಾದೀತೆಂದು ಹೇಳುತ್ತಿಲ್ಲ ಎಂದುಕೊಂಡ. ಕೇಳುವುದಕ್ಕೆ ಧೈರ್ಯ ಬರಲಿಲ್ಲ. ಸಾಕು ಅಂತಲೇ ಅಂದುಬಿಟ್ಟರೆ?

ಎಂಜಿನ್ ಆರಿಸುವ ದಿನ ಬಂತು. ಜೋಡಿ ಸಿಲಿಂಡರಿನದೇ ತಗೋ ಎಂದು ಪ್ರೆಬೆನ್ ಪಟ್ಟು ಹಿಡಿದಿದ್ದ. ಅದರಲ್ಲಿ ನಡುಕವಿಲ್ಲ, ರೆಕ್ಕೆಯ ಅಂಟು ಬಿಡುವ ಭಯವಿಲ್ಲ, ವಿಮಾನವನ್ನು ನೆಟ್ಟಗೆ ಮೋಡಕ್ಕೆ ಏರಿಸುವ ಕಸುವಿದೆ, ದೊಡ್ಡ ಸೈಲೆನ್ಸರ್ ಹಾಕಿದರೆ ಹಂದಿಗಳೂ ನಿದ್ದೆ ಮಾಡುತ್ತವೆ. ವಿಗ್ಗೊನ ಮನಸ್ಸೂ ಅದರ ಮೇಲೆಯೇ ಇತ್ತು. ಓಡಿಸಿ ನೋಡೋಣವೆಂದು ಪ್ರೆಬೆನ್‌ನ ಶೆಡ್ಡಿಗೆ ಹೊರಟಾಗ ಬೋಡಿಲ್‌ಳನ್ನೂ ಕರೆದ. ಅವಳು ಬಂದು ಹಿತ್ತಲಿನಲ್ಲಿ ಬಕೆಟ್ಟು ಬೋರಲು ಹಾಕಿ ಕುಳಿತು, ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಜೋಡಿ ಸಿಲಿಂಡರ್ ಬೆಣ್ಣೆಯಂತೆ ಓಡಿತು. ಚೆನ್ನಾಗಿದೆ ಎಂದಳು ಬೋಡಿಲ್, ನೆಂಟರ ಮನೆಯ ಪರದೆಯನ್ನು ಹೊಗಳುವ ದನಿಯಲ್ಲಿ. ಆಮೇಲೆ ಪ್ರೆಬೆನ್, ಯಾವುದನ್ನು ಕೊಳ್ಳಬಾರದು ಅಂತಲೂ ತಿಳಿದಿರಲಿ ಎಂದು, ಒಂದೇ ಸಿಲಿಂಡರಿನ ನಾಲ್ಕು ಹೊಡೆತದ, ಅಂದರೆ ಫೋರ್ ಸ್ಟ್ರೋಕ್, ಎಂಜಿನ್ನನ್ನು ಕೆಲಸದ ಮೇಜಿಗೆ ಬಿಗಿದ. ಭಾರ ಜಾಸ್ತಿ, ಕಸುವು ಕಮ್ಮಿ, ವಾಲ್ವಿನ ಉಪಚಾರ ಬೇರೆ. ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಅದು ಕೆಮ್ಮಿ, ದೋಣಿಯ ಹಾಗೆ ಡುಬುಡುಬು ಎನ್ನತೊಡಗಿತು. ಸದ್ದು ದೊಡ್ಡದಲ್ಲ, ಆದರೆ ಒಂದೊಂದು ಬಡಿತವೂ ಬಿಡಿಬಿಡಿ.

ಲೋಟ ಬೋಡಿಲ್‌ಳ ತುಟಿಯ ಹತ್ತಿರವೇ ನಿಂತಿತು. ಪ್ರೆಬೆನ್ ವೇಗ ಏರಿಸಿದ, ಇಳಿಸಿದ. ಅವಳ ಮುಖವೂ ಅದರ ಜೊತೆಗೆ ಮೇಲೆದ್ದು, ತಗ್ಗಿತು. ತುಟಿ ಅಲುಗುತ್ತಿತ್ತು. ಹತ್ತಿರವಿದ್ದ ವಿಗ್ಗೊನಿಗೆ ಕೇಳಿಸಿತು: ‘ಅರ್ಧ ಸುತ್ತು... ಈಗ.’

ಮನೆಗೆ ಬರುವ ದಾರಿಯಲ್ಲಿ ಅವನು ಕಾರನ್ನು ಬದಿಗೆ ನಿಲ್ಲಿಸಿದ.

‘ಬೋಡಿಲ್, ವಿಮಾನ ನಿನಗೆ ಕಾಣ್ಸುತ್ತಾ?’

ಅವಳು ಕೈಚೀಲದ ಗುಂಡಿ ತಿರುವಿದಳು.

‘ಇಲ್ಲ ಕಣೋ. ಹೋದ ಬೇಸಿಗೆಲೂ ಕಂಡಿಲ್ಲ. ಹಳೇದು ಏರುವಾಗ ತಿಣುಕ್ತಿತ್ತು, ಇಳಿಯುವಾಗ ಕಿರುಚ್ತಿತ್ತು. ಅದನ್ನ ಕೇಳ್ಕೊಂಡೇ ಹೇಳ್ತಿದ್ದೆ.’

‘ನನಗ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀನು ಪ್ರೆಬೆನ್‌ನ ನಿಲ್ಲಿಸ್ಕೊಂಡಿರ್ತಿದ್ದೆ. ಅವನು ವರಸೆ ಹೇಳ್ತಾನಾ? ಭಾಷಣ ಮಾಡ್ತಾನೆ.’

ವಿಗ್ಗೊ ನಗಲು ಹೋದ, ಆಗಲಿಲ್ಲ. ನಿಂತ ಕಾರಿನಲ್ಲೇ ಬ್ರೇಕ್ ಒತ್ತಿ ಹಿಡಿದಿದ್ದ.

‘ಇವತ್ತಿನ ಎರಡರಲ್ಲಿ ಯಾವ್ದು ಕೇಳ್ಸುತ್ತೆ?’

‘ಮೊದಲ್ನೇದು ಗಾಳಿ ಜೊತೆ ಕಲ್ಸ್‌ಹೋಗುತ್ತೆ. ಎರಡ್ನೇದು ಮಾತಾಡುತ್ತೆ. ಆದ್ರೆ ನಿನ್ನ ನೆಟ್ಟನೆ ಏರೋ ವರಸೆಗೆಲ್ಲ ಅದು ಸಾಲಲ್ಲ. ದೊಡ್ಡ ಸ್ಪರ್ಧೆ ಬಿಡ್ಬೇಕಾಗುತ್ತೆ.’

‘ಬಿಟ್ರಾಯ್ತು’ ಎಂದ ವಿಗ್ಗೊ. ಹೇಳಿದ ಮೇಲೆ ಒಂದು ಗಳಿಗೆ ಅವನಿಗೆ ನೋವಾಯಿತು. ಮೋಡಕ್ಕೆ ನೆಟ್ಟಗೆ ಏರುವ ಆ ಗೆರೆ ಅವನಿಗೆ ಬಹಳ ಪ್ರಿಯ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾಲ್ಕು ಹೊಡೆತದ್ದೇ ಬಂತು. ಪ್ರೆಬೆನ್ ಅದನ್ನು ಟ್ರ್ಯಾಕ್ಟರು ಎಂದು ಕರೆದ. ಭಾರದ ಎಂಜಿನ್ ಕೂರಿಸಿದ ಮೇಲೆ ವಿಮಾನದ ಮೂಗು ಬಾಗಿತು. ಸಮತೂಕ ನೋಡಲು ಬೋಡಿಲ್ ತನ್ನ ಎರಡು ಬೆರಳತುದಿಯನ್ನು ರೆಕ್ಕೆಯ ಕೆಳಗೆ ಕೊಟ್ಟು ಎತ್ತಿ ಹಿಡಿಯುತ್ತಿದ್ದಳು. ವಿಗ್ಗೊ ವಿಮಾನದೊಳಗೆ ರೇಡಿಯೊಗೆಂದು ಇಟ್ಟ ಪುಟ್ಟ ಬ್ಯಾಟರಿಯನ್ನು ಬಾಲದ ಕಡೆಗೆ ಚೂರುಚೂರೇ ಸರಿಸುತ್ತಿದ್ದ. ಇನ್ನೂ ಹಿಂದಕ್ಕೆ, ಇನ್ನೊಂಚೂರು ಎನ್ನುತ್ತ ಹೋದವಳು ಸುಮ್ಮನಾದಳು. ವಿಮಾನ ಅವಳ ಬೆರಳ ಮೇಲೆ ಅಲುಗದೆ ಕೂತಿತ್ತು.

ಮುಂದಿನ ಭಾನುವಾರ ಗಾಳಿ ಹದವಾಗಿತ್ತು. ಬೋಡಿಲ್ ಹೆಗಲ ಹಿಂದೆ ಬಂದು ನಿಂತಳು. ಸುತ್ತು ಸರಿಯಾಗಿ ಬಂತು, ಪಲ್ಟಿಯೂ ಬಂತು. ಮೇಲಕ್ಕೆ ಏರುವ ವರಸೆಯಲ್ಲಿ ವಿಗ್ಗೊ ಹಳೆಯ ಆಸೆಯಿಂದ ಸ್ವಲ್ಪ ಹೆಚ್ಚೇ ಏರಿಸಿದ.

‘ಏದುಸಿರು ಬಿಡ್ತಿದೆ ಪಾಪ’ ಎಂದಳು ಬೋಡಿಲ್. ‘ತಿರುಗಿಸು. ಈಗ.’

ಅವನು ತಿರುಗಿಸಿದ. ಹಳದಿ ವಿಮಾನ ತನ್ನ ಶಕ್ತಿ ಮುಗಿಯುವ ತುದಿಯಲ್ಲಿ ಮಗ್ಗುಲಾಗಿ, ಸಲೀಸಾಗಿ ಕೆಳಗಿಳಿಯಿತು. ಹಿಂದೆ ಪ್ರೆಬೆನ್ ಟ್ರ್ಯಾಕ್ಟರಿನ ಬಗ್ಗೆ ಏನೋ ಅನ್ನಲು ಬಾಯಿ ತೆರೆದವನು ಸುಮ್ಮನೆ ಬನ್ನು ತಿಂದ.

ಇಳಿಸುವ ಹೊತ್ತಾಯಿತು. ಎಂಜಿನ್ ಡುಬುಡುಬು ಎನ್ನುತ್ತ ಹುಲ್ಲಿನ ಪಟ್ಟಿಯತ್ತ ಬರುತ್ತಿತ್ತು. ವಿಗ್ಗೊನ ಬಲಗಾಲ ಬೂಟು ಮೆಲ್ಲಗೆ ನೆಲವನ್ನು ಒತ್ತಿತು. ಕಾಲಡಿಯ ಹುಲ್ಲು ಸರಕ್ಕೆಂದಿತು.

‘ಬ್ರೇಕ್ ಆಮೇಲೆ ಒತ್ತುವಂತೆ’ ಎಂದಳು ಹಿಂದಿನಿಂದ ಬೋಡಿಲ್. ‘ಅದಿನ್ನೂ ನೆಲ ಮುಟ್ಟಿಲ್ಲ.’