ಕರೀಮಸಾಬ ದನ ಕದ್ದಿಲ್ಲ

ಹುಬ್ಬಳ್ಳಿಯ ಮೊದಲ ಬಸ್ಸು ಲಕ್ಷ್ಮೇಶ್ವರಕ್ಕೆ ಬಂದು ನಿಂತಾಗ ಇನ್ನೂ ನಸುಕು. ಕಂಡಕ್ಟರ್ ಬಾಗಿಲಿನಿಂದ ಎಸೆದ ಪತ್ರಿಕೆಯ ಕಟ್ಟನ್ನು ಗುಡುಸಾಬ ಎದೆಗೊಟ್ಟು ಹಿಡಿಯುತ್ತಾರೆ. ಸುತಳಿ ಬಿಚ್ಚಿ, ಕಂಬದ ದೀಪದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಮೊದಲ ಪುಟದ ದೊಡ್ಡ ಅಕ್ಷರಗಳನ್ನು ಬೆರಳಿಟ್ಟು ಓದುತ್ತಾರೆ. ಕೈಗೆ ಖೋಟಾ ನೋಟು ಬಂತೇನೋ ಎಂಬಂತೆ ಮುಖ ಗಂಟಿಕ್ಕಿರುತ್ತದೆ. ಒಂದು ಶಬ್ದದ ಮೇಲೆ ಬೆರಳು ನಿಂತುಬಿಡುತ್ತದೆ. ಅದನ್ನು ಇನ್ನೊಮ್ಮೆ ಓದಿ, ಪತ್ರಿಕೆಗಳನ್ನು ಬಗಲಿಗೆ ಸೇರಿಸಿ ಎದ್ದು ನಿಲ್ಲುತ್ತಾರೆ.

"ಪೇಪರ್ರೀ, ಪೇಪರ್."

ಅಷ್ಟೇ. ಒಳಗೆ ಏನು ಸುದ್ದಿ ಎಂದು ಕೂಗುವುದಿಲ್ಲ. ಗದಗ-ಬೆಟಗೇರಿಯ ನಿಲ್ದಾಣದಲ್ಲಿ ಪತ್ರಿಕೆ ಮಾರುವವರು ಸುದ್ದಿಗೆ ಉಪ್ಪು-ಖಾರ ಹಚ್ಚಿ ಕೂಗಿಯೇ ಅರ್ಧ ಕಟ್ಟು ಖಾಲಿ ಮಾಡುತ್ತಾರೆ. ಇವರೊಬ್ಬರೇ ಏಕೆ ಹೀಗೆ? ಇದರಲ್ಲಿ ಏನೋ ಇದೆ ಎಂಬ ಗುಮಾನಿಯಿಂದಲೇ, ಪತ್ರಿಕೆಗೆ ಪ್ರತಿ ಭಾನುವಾರ ಅಂಕಣ ಬರೆಯುವ ನಾನು ಅವರ ಪಕ್ಕ ಹೋಗಿ ಕೂತೆ. ಅವರಿಗೆ ನನ್ನ ಮೇಲೆ ಅದಕ್ಕಿಂತ ದೊಡ್ಡ ಗುಮಾನಿ.

"ನನ್ನ ಬಗ್ಗೆ ಬರಿಯಾಕ ಏನೈತ್ರಿ? ಮ್ಯಾಲೆ ಏನಂತ ಹಾಕತೀರಿ, ಅದನ್ನ ಮೊದಲ ಹೇಳ್ರಿ."

ಅಂಕಣದ ಹೆಸರು 'ಎಲೆಮರೆಯ ಕಾಯಿ' ಎಂದೆ. ಗುಡುಸಾಬ ತಿರುಗಿ, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಶೇಂಗಾ ಮಾರುವ ಉಡಚವ್ವನ ಮುಖ ನೋಡಿದರು. ಉಡಚವ್ವ ಶಾಲೆ ಕಂಡವಳಲ್ಲ. ಕಿವಿಯೂ ಸ್ವಲ್ಪ ಮಂದ.

"ತಲಿ ಮರಿಸ್ಕೊಂಡಾನಂತ? ಯಾರೋ, ನೀನಾ?" ಎಂದಳು.

"ನೋಡಿದ್ರ್ಯಾ," ಎಂದರು ಗುಡುಸಾಬ. "ನೀವು ಎಲಿ ಅಂದ್ರಿ, ಆಕಿ ತಲಿ ಮಾಡಿದ್ಲು. ಸಂಜೀ ಅನ್ನೂದ್ರೊಳಗ ಪೋಲೀಸರು ನನ್ನ ಹುಡಕಾಕ ಹತ್ಯಾರ ಅಂತ ಊರೆಲ್ಲಾ ಆಗತೈತಿ."

ಉಡಚವ್ವನ ಕಿವಿಯೇ ಅವರಿಗೆ ಒರೆಗಲ್ಲು. ಅವಳಿಗೆ ತಿಳಿದಂತೆಯೇ ಊರಿಗೂ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ನಾನು ನಗಲು ಹೋದೆ; ಅವರು ನಗುತ್ತಿರಲಿಲ್ಲ.

ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ ಗುಡುಸಾಬ ಕನ್ನಡ ಕಲಿತದ್ದು ಬಸ್ಸಿನ ಬೋರ್ಡುಗಳನ್ನು ಕೂಡಿಸಿ ಓದಿ. ಹಮಾಲಿ ಮಾಡುತ್ತ ಸೊಂಟ ಹಿಡಿದ ಮೇಲೆ ಪತ್ರಿಕೆ ಹಿಡಿದರು. ಬೆಳಗಿನ ಬಸ್ಸುಗಳಲ್ಲಿ ಮಾರಿ, ಉಳಿದದ್ದನ್ನು ಸೈಕಲ್ಲಿಗೆ ಹಾಕಿಕೊಂಡು ಶಿಗ್ಲಿಯವರೆಗೆ ಹೋಗಿ ಬರುತ್ತಾರೆ. ಹಿಂದೆ ಅವರ ಕೂಗು ನಿಲ್ದಾಣ ದಾಟಿ ಪೇಟೆಯವರೆಗೂ ಕೇಳುತ್ತಿತ್ತಂತೆ.

ಶೀರ್ಷಿಕೆಯ ಶಬ್ದಗಳು ಮಂದಿಯನ್ನು ಹೇಗೆ ಮೋಸ ಮಾಡುತ್ತವೆ ಎಂದು ಕೇಳಿದರೆ ಮಾತ್ರ ಅವರ ಬಾಯಿ ಬಿಚ್ಚುತ್ತದೆ. ಒಮ್ಮೆ 'ನೀರಾವರಿ ಯೋಜನೆ ನನೆಗುದಿಗೆ' ಎಂದು ಬಂದಿತ್ತು. ಮುಂಡರಗಿ ಕಡೆಯ ರೈತನೊಬ್ಬ 'ನನೆ' ಎಂದರೆ ಹೊಲ ನೆನೆಯುವುದೇ ಎಂದುಕೊಂಡು ಬಸ್ಸಿನಲ್ಲಿದ್ದವರಿಗೆಲ್ಲ ಸಕ್ಕರೆ ಹಂಚಿದನಂತೆ. ಯೋಜನೆ ಮೂಲೆಗೆ ಬಿದ್ದಿದೆ ಎಂದು ಅವನಿಗೆ ಹೇಳುವ ಧೈರ್ಯ, ಸಕ್ಕರೆ ತಿಂದ ಯಾರಿಗೂ ಬರಲಿಲ್ಲ.

"ಬಸ್ ದರ ಪರಿಷ್ಕರಣೆ ಅಂತ ಹಾಕತಾರ್ರಿ. ಮಂದಿ ಏನೋ ಚಲೋ ಆತು ಅಂತ ತಿಳಕೊಂತಾರ. ಮರುದಿನ ಟಿಕೀಟ ತಗೊಂಡಾಗ ಗೊತ್ತಾಕೈತಿ. ಏರಿಸ್ಯಾರ ಅಂತ ಬರದ್ರ ಅಕ್ಷರಾನೂ ಕಡಿಮಿ ಹತ್ತತಾವ. ಯಾಕ ಬರಿಯೂದಿಲ್ಲ?"

ಅದು ಸರಕಾರದ ಆದೇಶದಲ್ಲಿರುವ ಶಬ್ದ ಎಂದೆ. ಅವರು ನಂಬಲಿಲ್ಲ.

ಕೂಗು ನಿಲ್ಲಿಸಿದ್ದೇಕೆ ಎಂದರೆ ಮಾತ್ರ ಗುಡುಸಾಬ ಸೈಕಲ್ಲಿನ ಗಾಳಿ ನೋಡಲು ಎದ್ದು ಹೋಗುತ್ತಾರೆ. ಹೇಳಿದವಳು ಉಡಚವ್ವ.

ಐದು ವರ್ಷದ ಹಿಂದೆ, ೧೯೭೯ರಲ್ಲಿ, ಶಿಗ್ಲಿಯ ಒಂದು ಮನೆಯ ದನಗಳು ಕಳುವಾದವು. ಹಿಂದಿನ ದಿನ ಆ ಮನೆಯ ಪಡಸಾಲೆಯಲ್ಲಿ ಕೂತು ಅರಳೆ ಹಿಂಜಿ ಗಾದಿ ಹೊಲಿದು ಹೋಗಿದ್ದವರು ಅದೇ ಊರಿನ ಕರೀಮಸಾಬ. ಮನೆಯೊಳಗೆ ಬಂದು ಹೋದವನ ಮೇಲೆಯೇ ಮೊದಲ ಸಂಶಯ. ಹಿಡಿದುಕೊಂಡು ಹೋದರು. ಕೋರ್ಟಿನಲ್ಲಿ ಏನೂ ಸಾಬೀತಾಗದೆ ಬಿಟ್ಟರು. ಮರುದಿನ ಪತ್ರಿಕೆಯಲ್ಲಿ ಬಂತು: 'ಶಿಗ್ಲಿ ದನ ಕಳವು: ಆರೋಪಿ ಖುಲಾಸೆ.'

ಪತ್ರಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಕೋರ್ಟಿನ ಮಾತಿನಲ್ಲಿ ಖುಲಾಸೆ ಎಂದರೆ ಬಿಡುಗಡೆ. ಆದರೆ ಉರ್ದು, ಮರಾಠಿ ಬೆರೆತ ಲಕ್ಷ್ಮೇಶ್ವರದ ಪೇಟೆಯಲ್ಲಿ ಖುಲಾಸಾ ಮಾಡುವುದೆಂದರೆ ಒಳಗಿದ್ದದ್ದನ್ನು ಬಿಚ್ಚಿ ಹೇಳುವುದು. ಗುಡುಸಾಬ ಮನೆಯಲ್ಲಿ ಆಡುವ ಅರ್ಥವನ್ನೇ ಹಿಡಿದು, ನಿಲ್ದಾಣ ನಡುಗುವಂತೆ ಕೂಗಿದರು:

"ಶಿಗ್ಲಿ ದನಾ ಕದ್ದಾಂವ ಎಲ್ಲಾ ಖುಲಾಸಾ ಮಾಡಿದ!"

ಕಟ್ಟು ಕ್ಷಣದಲ್ಲಿ ಖಾಲಿ. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿ ನಾವು. ಕರೀಮಸಾಬ ಕದ್ದದ್ದು ಖರೆ, ಅಷ್ಟೇ ಅಲ್ಲ, ಜೊತೆಗಾರರ ಹೆಸರನ್ನೂ ಹೇಳಿದ್ದಾನೆ ಎಂದು ಶಿಗ್ಲಿಗೆ ಸುದ್ದಿ ಮುಟ್ಟಿತು. ಯಾರ ಹೆಸರು ಎಂದು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಮಧ್ಯಾಹ್ನದ ಬಸ್ಸಿಗೆ ಇಳಿದ ಕರೀಮಸಾಬ "ಬಿಟ್ಟಾರ ನನ್ನ" ಎಂದರೆ, "ಹೆಸರ ಹೇಳಿದ್ದಕ್ಕ ಬಿಟ್ಟಾರ" ಎಂಬುದು ಊರಿನ ಉತ್ತರ. ಬಾಗಿಲುಗಳು ಮುಚ್ಚಿಕೊಂಡವು. ಗಾದಿ ಹೊಲಿಯುವವನಿಗೆ ಬಾಗಿಲು ಮುಚ್ಚಿದರೆ ಉಳಿಯುವುದೇನು? ಹೆಂಡತಿ ಮೆಹಬೂಬಿಯನ್ನು ಕರೆದುಕೊಂಡು, ಆಕೆಯ ತವರು ಮುಂಡರಗಿಗೆ ಹೋದರು.

ಇದನ್ನು ಕೇಳಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಗುಡುಸಾಬ ವಾಪಸು ಬಂದು, ನನ್ನ ಮುಖ ನೋಡಿದ್ದೇ ಎಲ್ಲ ತಿಳಿದುಕೊಂಡರು. "ಮನಿಮನಿಗೆ ಹೋಗಿ ಹೇಳಿದ್ನಿರಿ, ನಾ ಕೂಗಿದ್ದು ತಪ್ಪು ಅಂತ. ಅವಾ ನಿನಗೇನ ಕೊಟ್ಟಾನ ಅಂತ ಕೇಳಿದ್ರು. ಕೂಗಿದ್ದು ನಂಬಿದ ಮಂದಿ, ಹೇಳಿದ್ದು ನಂಬಲಿಲ್ಲ."

ಹೋದ ಬೇಸಿಗೆಯಲ್ಲಿ ಕರೀಮಸಾಬ ಶಿಗ್ಲಿಗೆ ಮರಳಿದ್ದಾರೆ. ಮದುವೆಯಿದ್ದ ಎರಡು ಮೂರು ಮನೆಯವರು ಕರೆದು ಗಾದಿ ಹೊಲಿಸಿದ್ದಾರೆ. ಗುಡುಸಾಬರ ಅಂಜಿಕೆ ಅದೇ: ಈಗ ತಾನೇ ತೆರೆದ ಬಾಗಿಲು, ಪತ್ರಿಕೆಯಲ್ಲಿ ಮತ್ತೆ ಹೆಸರು ಕಂಡರೆ ಮುಚ್ಚೀತು. "ಅವನ್ನ ಕೇಳದ ಒಂದಕ್ಷರ ಬರಿಬ್ಯಾಡ್ರಿ," ಎಂದರು. ಹಾಗಾಗಿ ಇಬ್ಬರೂ ಶಿಗ್ಲಿಗೆ ಹೋಗುತ್ತೇವೆ.

ಕರೀಮಸಾಬ ಮನೆಯ ಮುಂದೆ ಹತ್ತಿ ಹಿಂಜುತ್ತಿದ್ದಾರೆ. ಮೀಸೆಯ ಮೇಲೆಲ್ಲ ಅರಳೆ. ನನ್ನ ಮಾತು ಕೇಳಿಸಿಕೊಂಡವರು ಗುಡುಸಾಬರನ್ನೇ ನೋಡುತ್ತಾರೆ.

"ಬರೀರಿ. ಆದ್ರ ಇವಾ ಕೂಗಬೇಕು. ಅವತ್ತ ಕೂಗಿದ್ದು ಎಲ್ಲಾರಿಗೂ ಕೇಳಿಸಿತ್ತು. ಇದೂ ಅಷ್ಟ ಕೇಳಬೇಕು."

ಗುಡುಸಾಬ ತಲೆ ತಗ್ಗಿಸುತ್ತಾರೆ. "ಆತಪಾ," ಎನ್ನುತ್ತಾರೆ.

ಈಗ ಶೀರ್ಷಿಕೆಯ ಪ್ರಶ್ನೆ. ಮರುದಿನ ಬೆಳಿಗ್ಗೆ ಮತ್ತೆ ಲಕ್ಷ್ಮೇಶ್ವರದ ನಿಲ್ದಾಣ, ಅದೇ ಉಡಚವ್ವ. 'ಖುಲಾಸೆಯ ಖುಲಾಸೆ' ಎಂದು ಹಾಕೋಣವೇ ಎಂದೆ, ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟು. ಗುಡುಸಾಬ ನನ್ನನ್ನು ನೋಡಿದ ರೀತಿ ಇಲ್ಲಿ ಬೇಡ. 'ಕರೀಮಸಾಬ ಯಾರ ಹೆಸರೂ ಹೇಳಿಲ್ಲ' ಎಂದೆ. ಅದನ್ನು ಅವರು ಮೆಲ್ಲಗೆ ಉಡಚವ್ವನ ಕಿವಿಗೆ ಹಾಕುತ್ತಾರೆ.

"ಹಂಗಾರ ಹೆಸರ ಗೊತ್ತಿದ್ದೂ ಬಚ್ಚಿಟ್ಟಾನನ್ನು," ಎನ್ನುತ್ತಾಳೆ ಉಡಚವ್ವ.

'ನಿರ್ದೋಷಿ' ಎಂದೆ. "ಏನ ದೋಸಿ?" ಎಂದಳು.

ಗುಡುಸಾಬ ಕೈಯಲ್ಲಿದ್ದ ಪತ್ರಿಕೆಗಳನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಸಾದಾ ದನಿಯಲ್ಲಿ ಹೇಳುತ್ತಾರೆ: "ಕರೀಮಸಾಬ ದನ ಕದ್ದಿಲ್ಲ."

ಉಡಚವ್ವ ಶೇಂಗಾದ ಹೊಟ್ಟು ಊದುತ್ತ, "ಅದು ನನಗೂ ಗೊತ್ತಿತ್ತು ಬಿಡೋ," ಎನ್ನುತ್ತಾಳೆ.

"ಗೊತ್ತಿತ್ತಂದ್ರ, ಹೋದ ಬ್ಯಾಸಗಿ ನಿನ್ನ ಮಗಳ ಮದಿವಿ ಗಾದಿ ಯಾಕ ಅವನ ಕೈಲೆ ಹೊಲಸಲಿಲ್ಲಬೇ?"

ಉಡಚವ್ವ ಊದುವುದನ್ನು ನಿಲ್ಲಿಸಿ, ಬುಟ್ಟಿಯ ಮೇಲೆ ಅರಿವೆ ಎಳೆದುಕೊಳ್ಳುತ್ತಾಳೆ.

ಗುಡುಸಾಬ ನನ್ನ ಕಡೆ ತಿರುಗುತ್ತಾರೆ. "ಇದನ್ನ ಹಾಕ್ರಿ. ನನ್ನ ಹೆಸರ ಮ್ಯಾಲೆ ಬ್ಯಾಡ, ಅವಂದ ಇರಲಿ. ನೀವು ಒಂದಕ್ಷರಾನೂ ಬದಲಿ ಮಾಡಲಿಲ್ಲಂದ್ರ, ಆಯ್ತವಾರ ನಾ ಕೂಗತೀನಿ."